ಹತ್ತೇ ಸಾಕು ಪುಟ್ಟಾ, ಇಪ್ಪತ್ತು ಬೇಡ

ಪುಟ್ಟಾ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದ್ದಷ್ಟೆ ಮಾರಾಯ, ಅಡಿಕೆ ಸುಲಿಲಿಕ್ಕೆ ಜನ ಬಂದಿದ್ರು, ಫೋನ್ ಮುಟ್ಲಿಕ್ಕೇ ಆಗ್ಲಿಲ್ಲ. ಒಂದೊಂದೇ ಅಕ್ಷರ ಒತ್ತುತ್ತಾ ಕೂತ್ರೆ ಸಂಜೆ ಆಗ್ತದೆ, ಹಾಗೆ ಬಾಯಲ್ಲಿ ಹೇಳಿ ಫೋನಿಗೇ ಬರೀಲಿಕ್ಕೆ ಬಿಟ್ಟಿದ್ದೇನೆ, ತಪ್ಪು ಬಂದ್ರೆ ನೀನೇ ಸರಿ ಮಾಡಿ ಓದು.

ಎರಡಡಿ ಮೀನಿನ ಟ್ಯಾಂಕಲ್ಲಿ ಗಿಡ ಎಲ್ಲ ಹಳದಿ ಆಗ್ತಾ ಉಂಟು, ಅಂಗಡಿಯವ ಲೈಟಿಗೆ ನಾಲ್ಕು ಸಾವಿರ ಹೇಳ್ತಾನೆ, ವಿಡಿಯೋ ನೋಡಿ ಸ್ಟ್ರಿಪ್ ಲೈಟ್ ತಂದು ನಾನೇ ಮಾಡ್ಲಾ ಅಂತ ಕೇಳಿದ್ದೀ. ಅದರ ಕೆಳಗೆ ಅಕ್ಕ "ನೀರಿನ ಹತ್ರ ಕರೆಂಟಿನ ಆಟ ಬೇಡವೇ ಬೇಡ" ಅಂತ ಹಾಕಿದ್ದಾಳೆ. ಅಕ್ಕಾ, ನೀನು ಹೆದರುದು ಸರಿಯೇ, ಅದಕ್ಕೂ ಹೇಳ್ತೇನೆ, ಸ್ವಲ್ಪ ತಡಿ.

ಮೊದಲು ನನ್ನ ಕತೆ ಕೇಳು. ನಾನು ಫಸ್ಟ್ ಲೈಟ್ ಮಾಡಿದಾಗ ಬೆಳಕು ಜಾಸ್ತಿ ಆದಷ್ಟು ಗಿಡ ಜಾಸ್ತಿ ಅಂತ ಅಂದ್ಕೊಂಡು ಒಂದು ವಾಟಿನ ಎಲ್‌ಇಡಿ ಇಪ್ಪತ್ತು ಹಾಕಿ, ಬೆಳಿಗ್ಗೆ ಎದ್ದು ಹಾಕಿದ್ರೆ ರಾತ್ರಿ ಮಲಗುವಾಗ ಆಫ್ ಮಾಡುದು. ವಾರ ಗಮ್ಮತ್ತು, ಗಿಡದಿಂದ ಗುಳ್ಳೆ ಗುಳ್ಳೆ ಏಳ್ತದೆ, ಮನೆಗೆ ಬಂದವರಿಗೆಲ್ಲ ತೋರ್ಸಿದ್ದೇ ತೋರ್ಸಿದ್ದು. ಮೂರನೇ ವಾರಕ್ಕೆ ಗ್ಲಾಸು ಹಸಿರು, ಎಲೆಯ ತುದಿಯಲ್ಲಿ ಕಪ್ಪು ಗಡ್ಡ ಬಂದ ಹಾಗೆ ಪಾಚಿ, ನೀರು ಅಂದ್ರೆ ಮಳೆಗಾಲದ ಕೆರೆ. ಮೂರು ತಿಂಗಳು ಉಜ್ಜಿದ್ದೇನೆ. ಕೊನೆಗೆ ಹತ್ತು ಎಲ್‌ಇಡಿ ಕಿತ್ತು, ದಿನಕ್ಕೆ ಆರು ಗಂಟೆ ಮಾತ್ರ ಉರಿಸಿದ ಮೇಲೆ ಸರಿ ಆದದ್ದು.

ಯಾಕೆ ಹೇಳಿದ್ರೆ ಬೆಳಕು ಜಾಸ್ತಿ ಕೊಟ್ರೆ ಗಿಡಕ್ಕೆ ಕಾರ್ಬನ್ ಡೈಆಕ್ಸೈಡೂ ಗೊಬ್ಬರವೂ ಅದೇ ಲೆಕ್ಕದಲ್ಲಿ ಬೇಕು, ನಿನ್ನ ಹತ್ರ ಆ ಗ್ಯಾಸಿನ ಸಿಲಿಂಡರ್ ಇಲ್ಲ, ಗಿಡ ತಿನ್ಲಿಕ್ಕಾಗದ ಬೆಳಕನ್ನು ಪಾಚಿ ತಿಂತದೆ. ಮತ್ತೆ ನಿನ್ನ ಫೋಟೋದಲ್ಲಿ ಕಾಣುದು ಕ್ರಿಪ್ಟೊಕೊರೈನ್, ಜಾವಾ ಫರ್ನ್, ಆ ಉದ್ದ ಎಲೆಯ ವಲಿಸ್ನೇರಿಯ ಅಲ್ವಾ, ಇವು ಯಾವುದೂ ಬಿಸಿಲು ಬಿಸಿಲು ಅಂತ ಕೂಗುವ ಗಿಡ ಅಲ್ಲ. ಕ್ರಿಪ್ಟೊಕೊರೈನಿನ ಕೆಲವು ಜಾತಿ ನಮ್ಮ ಪಶ್ಚಿಮ ಘಟ್ಟದ ಹೊಳೆ ತೋಡುಗಳಲ್ಲೇ ಬೆಳೀತದೆ. ಅಡಿಕೆ ಮರದ ನೆರಳಲ್ಲಿ ಕೊಕ್ಕೋ ಬೆಳೆಯುದಿಲ್ವಾ, ಹಾಗೆ.

ಲೆಕ್ಕ ಬೇಕಾದ್ರೆ ಹೀಗೆ ಮಾಡು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದ್ರೆ 56 ಲೀಟರ್ ಚಿಲ್ಲರೆ, ಮರಳು ಕಲ್ಲು ಕಳೆದ್ರೆ 50. ಒಂದು ವಾಟಿನ ಬಿಳಿ ಎಲ್‌ಇಡಿ ಒಳ್ಳೆದಾದ್ರೆ ಸುಮಾರು 90–100 ಲ್ಯೂಮೆನ್ ಕೊಡ್ತದೆ, ಲ್ಯೂಮೆನ್ ಅಂದ್ರೆ ಬೆಳಕಿನ ಅಳತೆ. ಹತ್ತು ಹಾಕಿದ್ರೆ ಲೀಟರಿಗೆ ಹದಿನೆಂಟು ಇಪ್ಪತ್ತು ಬಂತು, ಗ್ಯಾಸ್ ಇಲ್ಲದ ಟ್ಯಾಂಕಿಗೆ ಅಷ್ಟು ಧಾರಾಳ. ನಾನು ಹಾಕಿದ್ದು ಅದರ ಡಬಲ್.

ಸ್ಟ್ರಿಪ್ ಬೇಡ ಅಂತಲ್ಲ. 12 ವೋಲ್ಟಿನ ಅಡಾಪ್ಟರಿಗೆ ಸಿಕ್ಕಿಸಿದ್ರೆ ಆಯ್ತು, ಸುಲಭ. ಆದ್ರೆ ಸಪೂರ ಚಿಪ್ಪಿನ ಅಗ್ಗದ ಸ್ಟ್ರಿಪ್ ಮೀಟರಿಗೆ ಐದು ವಾಟ್ ಕೂಡ ಇರುದಿಲ್ಲ, ಹಿಂದಿನ ಗಮ್ ನಮ್ಮ ಮಳೆಗಾಲದ ತಂಪಿಗೆ ಬಿಟ್ಟು ಬರ್ತದೆ, ಒಂದು ದಿನ ನೇರ ನೀರಿಗೇ ಬೀಳ್ತದೆ. ನಾನಾದ್ರೆ ಸ್ಟಾರ್ ಎಲ್‌ಇಡಿಯೇ ಹಾಕುದು, ಅಲ್ಯೂಮಿನಿಯಮ್ಮಿನ ನಕ್ಷತ್ರದ ಹಾಗಿನ ಪ್ಲೇಟಿನ ಮೇಲೆ ಕೂರಿಸಿ ಬರ್ತದಲ್ಲ, ಅದು. ಎಂಟು ಬಿಳಿ 6500 ಕೆಲ್ವಿನ್, ಅಂದ್ರೆ ಹಗಲಿನ ಬೆಳಕಿನ ಹಾಗೆ ಇರುವಂಥದ್ದು, ಎರಡು ಕೆಂಪು 660 ನ್ಯಾನೋಮೀಟರಿನದ್ದು. ಕೆಂಪು ಸಿಗ್ಲಿಲ್ವಾ, ವಾರ್ಮ್ ವೈಟ್, ಆ ಸ್ವಲ್ಪ ಹಳದಿ ಬಿಳಿ, ಹಾಕು, ಏನೂ ಆಗುದಿಲ್ಲ. ಆ ನೇರಳೆ ಬಣ್ಣದ 'ಪ್ಲಾಂಟ್ ಲೈಟ್' ಮಾತ್ರ ತರ್ಬೇಡ, ಅದರಲ್ಲಿ ಹಸಿರು ಬೆಳಕು ಇಲ್ಲ, ಗಿಡ ಕಪ್ಪು ಕಪ್ಪು ಕಾಣ್ತದೆ, ಮೀನು ಡ್ರಾಮಾ ಸ್ಟೇಜಲ್ಲಿ ಇದ್ದ ಹಾಗೆ.

ಗಿಡಕ್ಕೆ ನೀಲಿ ಬೆಳಕೂ ಬೇಕಲ್ಲ, ಬಿಳಿಯಲ್ಲಿ ಅದು ಇರ್ತದಾ ಅಂತ ಕೇಳ್ಬೇಡ, ಬಿಳಿ ಎಲ್‌ಇಡಿಯ ಒಳಗೆ ಇರುದೇ ನೀಲಿ ಚಿಪ್ಪು, ಮೇಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿಗೆ 2014ರಲ್ಲಿ ಅಕಾಸಾಕಿ, ಅಮಾನೊ, ನಾಕಾಮುರಾ ಮೂವರಿಗೆ ನೊಬೆಲ್ ಸಿಕ್ಕಿದ್ದು. ಗಿಡದ ಟ್ಯಾಂಕಿನವರು ದೇವರ ಹಾಗೆ ನೋಡುವ ಅಮಾನೊ ಬೇರೆ, ತಕಾಶಿ ಅಮಾನೊ, ಅವರು ಫೋಟೋಗ್ರಾಫರ್ ಆಗಿದ್ದವರು. ನಾನು ಒಂದು ವರ್ಷ ಇಬ್ಬರೂ ಒಬ್ಬನೇ ಅಂತ ಕಂಡ ಕಂಡವರಿಗೆಲ್ಲ ಹೇಳ್ತಾ ಇದ್ದೆ, ನಾಚಿಕೆ ಕೇಡು.

ಇನ್ನು ಇವನ್ನು ಕೂರಿಸಿ ಬಿಸಿ ಎಳೀಲಿಕ್ಕೆ ಹೀಟ್‌ಸಿಂಕ್ ಅಂತ ದುಡ್ಡು ಕೊಡ್ಬೇಡ, ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ರ ಎರಡಡಿಯ ಚಾನೆಲ್ ತುಂಡು ಬಿದ್ದಿರ್ತದೆ, ಕೇಳಿದ್ರೆ ಕೊಡ್ತಾರೆ. ಸ್ಟಾರಿನ ಅಡಿಗೆ ಥರ್ಮಲ್ ಪೇಸ್ಟ್ ತೆಳು ಹಚ್ಚಿ ಸ್ಕ್ರೂ ಮಾಡು. ಆದ್ರೆ ಸ್ಟಾರಿನ ಪ್ಯಾಡಿಗೆ, ಅಂದ್ರೆ ವಯರ್ ಬೆಸೆಯುವ ಜಾಗಕ್ಕೆ, ಲೆಡ್ (ಬೆಸುಗೆಯ ಸೀಸ) ಹಿಡಿಸುವ ಕೆಲಸ ಚಾನೆಲಿಗೆ ಕೂರಿಸುವ ಮೊದಲೇ ಮುಗಿಸು, ಇಲ್ಲದಿದ್ರೆ ಬಿಸಿ ಎಲ್ಲ ಅಲ್ಯೂಮಿನಿಯಂ ಎಳ್ಕೊಂಡು ಹೋಗ್ತದೆ, ಲೆಡ್ ಹಿಡಿಯುದೇ ಇಲ್ಲ, ನಾನು ಅರ್ಧ ದಿನ ಬೈದ್ಕೊಂಡು ಕೂತಿದ್ದೆ. ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ, ಮಾಲೆ ಕಟ್ಟಿದ ಹಾಗೆ. ಕಟ್ಟಿ ಆದ ಮೇಲೆ ಮಲ್ಟಿಮೀಟರಲ್ಲಿ ಪ್ಯಾಡಿಗೂ ಚಾನೆಲಿಗೂ ಎಲ್ಲಿಯಾದ್ರೂ ಮುಟ್ಟಿದೆಯಾ ನೋಡು. ಬಿಳಿಗೆ ಮೂರು ಚಿಲ್ಲರೆ ವೋಲ್ಟ್, ಕೆಂಪಿಗೆ ಎರಡು ಚಿಲ್ಲರೆ, ಒಟ್ಟು ಮೂವತ್ತರ ಹತ್ರ ಬರ್ತದೆ. ಅದಕ್ಕೆ ಅಡಾಪ್ಟರ್ ಆಗುದಿಲ್ಲ, 300 ಮಿಲಿಆಂಪಿನ ಡ್ರೈವರ್, ಅಂದ್ರೆ ಕರೆಂಟನ್ನು ಒಂದೇ ಮಟ್ಟದಲ್ಲಿ ಕೊಡುವ ಪೆಟ್ಟಿಗೆ ಬೇಕು, ಮೇಲೆ 8ರಿಂದ 12 ಎಲ್‌ಇಡಿ ಅಂತ ಬರೆದಿರ್ತದೆ.

ಅಕ್ಕಾ, ಈಗ ನಿಂಗೆ. ಅಗ್ಗದ ಡ್ರೈವರಲ್ಲಿ ಕೆಲವು ಐಸೊಲೇಟೆಡ್ ಅಲ್ಲ, ಅಂದ್ರೆ ಎಲ್‌ಇಡಿಗೆ ಹೋಗುವ ವಯರಿಗೂ ಮನೆಯ ಲೈನಿಗೂ ಮಧ್ಯೆ ಗೋಡೆಯೇ ಇಲ್ಲ, ಮುಟ್ಟಿದ್ರೆ ಶಾಕ್. ಅದು ಟ್ಯಾಂಕಿನ ಮೇಲೆ ಕೂರ್ಲೇಬಾರ್ದು. ಪುಟ್ಟಾ, ಐಸೊಲೇಟೆಡ್ ಅಂತ ಕೇಳಿಯೇ ತಗೋ, ಅಂಗಡಿಯವ ತಲೆ ಕೆರೆದ್ರೆ ಬೇರೆ ಅಂಗಡಿಗೆ ಹೋಗು. ಡ್ರೈವರ್ ಗೋಡೆಯಲ್ಲಿ ಎತ್ತರಕ್ಕೆ ಇರ್ಲಿ, ಚಾನೆಲಿಗೆ ಅರ್ತ್ ಕೊಡು, ಟ್ಯಾಂಕಿನ ಬಾಯಿಗೆ ಗ್ಲಾಸು ಮುಚ್ಚು. ವಯರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಸಲ ಜೋಲಿಸಿ ಮೇಲೆ ತಾ, ವಯರಲ್ಲಿ ನೀರು ಇಳಿದ್ರೂ ಅಲ್ಲೇ ತೊಟ್ಟಿಕ್ತದೆ, ಪ್ಲಗ್ಗಿಗೆ ಹೋಗುದಿಲ್ಲ. ಮೇನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಉಂಟಾ ಅಂತ ಭಾವನ ಹತ್ರ ಕೇಳು, ಇಲ್ಲದಿದ್ರೆ ಮೊದಲು ಅದು, ಮತ್ತೆ ಮೀನು. ಇನ್ನೊಂದು, ಎಲ್‌ಇಡಿ ಜೋಡಿಸಿದ ಮೇಲೆಯೇ ಡ್ರೈವರ್ ಆನ್ ಮಾಡ್ಬೇಕು. ಆನ್ ಇರುವಾಗ ಮಾಲೆ ಸಿಕ್ಕಿಸಿದ್ರೆ ಪಟ್ ಅಂತ ಹೋಗ್ತದೆ, ನನ್ನದು ಮೂರು ಹೋಗಿದೆ. ಅರ್ಧ ಗಂಟೆ ಉರಿದ ಮೇಲೆ ಆಫ್ ಮಾಡಿ ಚಾನೆಲ್ ಮುಟ್ಟಿ ನೋಡು, ಕೈ ಇಟ್ಕೊಳ್ಳಿಕ್ಕೆ ಆಗ್ತದಾ, ಸರಿ, ಆಗುದಿಲ್ವಾ, ಚಾನೆಲ್ ಸಾಲದು.

ಟೈಮರ್ ತಿರುಗಿಸುವಂಥದ್ದು ತಗೊಳ್ಬೇಡ. ಮಳೆಗಾಲದಲ್ಲಿ ಕರೆಂಟು ಹೋದಾಗ ಅದೂ ನಿಲ್ತದೆ, ನಮ್ಮಲ್ಲಿ ಜುಲೈ ತಿಂಗಳಲ್ಲಿ ರಾತ್ರಿ ಎರಡು ಗಂಟೆಗೆ ಟ್ಯಾಂಕ್ ಝಗಮಗ, ಅತ್ತೆ ಎದ್ದು ಬೆಳಗಾಯ್ತು ಅಂತ ಒಲೆ ಹೊತ್ತಿಸಿದ್ದಾರೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಆದ್ರೆ ಆ ರಗಳೆ ಇಲ್ಲ. ಮೊದಲ ತಿಂಗಳು ಆರೇ ಗಂಟೆ, ಪಾಚಿ ಇಲ್ಲದಿದ್ರೆ ಎಂಟಕ್ಕೆ ಏರ್ಸು, ಮತ್ತೆ ಮೇಲೆ ಬೇಡ.

ಮತ್ತೆ ಹಳದಿ ಎಲೆ. ಅದು ಪೂರ ಲೈಟಿನ ತಪ್ಪು ಅಂತ ನಂಗೆ ಕಾಣುದಿಲ್ಲ. ಹಳೆ ಎಲೆ ಹಳದಿಯಾ ಹೊಸ ಚಿಗುರಾ ಅಂತ ಸರಿ ನೋಡು, ಹಳೆಯದ್ದಾದ್ರೆ ಸಾರಜನಕ ಸಾಲದು, ಚಿಗುರು ಬಿಳಿಚಿಕೊಂಡ್ರೆ ಕಬ್ಬಿಣ. ನಿಮ್ಮದು ಗುಡ್ಡ ಕೊರೆದು ತೆಗೆದ ಸುರಂಗದ ನೀರು, ಸೋಪು ಸುಮ್ಮನೆ ಮುಟ್ಟಿದ್ರೂ ನೊರೆ ಬರ್ತದೆ, ಅಂದ್ರೆ ಮೆದು ನೀರು, ಖನಿಜ ಕಡಿಮೆ. ಅದಕ್ಕೆ ಎಷ್ಟು ಲೈಟ್ ಹಾಕಿದ್ರೂ ಎಂತ ಪ್ರಯೋಜನ, ವಾರಕ್ಕೊಮ್ಮೆ ಅಕ್ವೇರಿಯಮ್ಮಿನ ದ್ರವ ಗೊಬ್ಬರ ಸ್ವಲ್ಪ ಹಾಕ್ಬೇಕು. ನೀರು ಬದಲಿಸುವ ಬಕೆಟು ಮಾತ್ರ ಬೇರೆಯೇ ಇಡು, ತೋಟಕ್ಕೆ ಮದ್ದು ಬಿಡುವಾಗ ಮೈಲುತುತ್ತು ಕಲಸಿದ ಬಕೆಟು ತಗೊಂಡ್ರೆ ಆ ತಾಮ್ರಕ್ಕೆ ಸಿಗಡಿ, ಬಸವನಹುಳು ಒಂದೂ ಉಳಿಯುದಿಲ್ಲ.

ಆದಿತ್ಯವಾರ ಬಾ, ಚಾನೆಲ್ ತುಂಡು ನನ್ನಲ್ಲೇ ಒಂದು ಉಂಟು, ಕಿತ್ತು ಇಟ್ಟ ಹತ್ತು ಎಲ್‌ಇಡಿಯಲ್ಲಿ ಏಳು ಉಳಿದದ್ದೂ ಉಂಟು, ಮೂರು ತಂದ್ರೆ ಆಯ್ತು. ಬರುವಾಗ ಆ 60 ವಾಟಿನ ಸೋಲ್ಡರಿಂಗ್ ಐರನ್ ತಾ, ಭಾವ ಕಳೆದ ವರ್ಷ ಮಿಕ್ಸಿ ರಿಪೇರಿಗೆ ಅಂತ ಕೊಂಡುಹೋದದ್ದು ಇನ್ನೂ ವಾಪಸ್ ಬರ್ಲಿಲ್ಲ.