ಈಜಿಪ್ಟಿನವರು ಶವವನ್ನು ಮಮ್ಮಿ ಮಾಡುತ್ತಿದ್ದ ಬಗೆಯನ್ನು ಮನೆಯಲ್ಲೇ ಮಗಳಿಗೆ ತೋರಿಸಬಹುದಾ?

ಪುಟ್ಟಿಯ ಅಪ್ಪ:
ಮಗಳಿಗೆ ಎಂಟು ವರ್ಷ. ಈಜಿಪ್ಟಿನ ಮಮ್ಮಿ ಫೋಟೋ ನೋಡಿದಾಗಿನಿಂದ ಒಂದೇ ಪ್ರಶ್ನೆ, "ಅಪ್ಪಾ, ಅಷ್ಟು ಸಾವಿರ ವರ್ಷ ಆದರೂ ಯಾಕೆ ಕೊಳೆತಿಲ್ಲ?" ಬಟ್ಟೆ ಸುತ್ತಿದ್ದಕ್ಕೆ ಅಂತ ಹೇಳಿದೆ. ಅವಳು ಒಪ್ಪಲಿಲ್ಲ. ಕೈಯಾರೆ ಮಾಡಿ ನೋಡುವಂಥದ್ದು ಏನಾದರೂ ಇದ್ದರೆ ಹೇಳಿ.

ಹಳೇ ಮೇಷ್ಟ್ರು:
ಅವಳು ಒಪ್ಪದಿದ್ದದ್ದೇ ಸರಿ! ಬಟ್ಟೆ ಕೊನೆಯ ಕೆಲಸ. ನಿಜವಾದ ಕೆಲಸ ಮಾಡಿದ್ದು ನೇಟ್ರಾನ್ ಅನ್ನೋ ಉಪ್ಪು. ವಾದಿ ನಟ್ರೂನ್ ಎಂಬಲ್ಲಿ ಕೆರೆಗಳ ನೀರು ಬತ್ತಿದಾಗ ಸಿಗುತ್ತಿತ್ತು, ಅದರಲ್ಲಿ ಅಡುಗೆ ಸೋಡಾ, ವಾಷಿಂಗ್ ಸೋಡಾ ಎರಡೂ ಸೇರಿರುತ್ತವೆ. ಮೊದಲು ಹೊಟ್ಟೆಯ ಎಡಗಡೆ ಸೀಳಿ ಈಲಿ, ಶ್ವಾಸಕೋಶ, ಜಠರ, ಕರುಳು ಹೊರಗೆ ತೆಗೆಯುತ್ತಿದ್ದರು, ಬೇಗ ಕೊಳೆಯೋದು ಅವೇ ಅಲ್ವಾ. ಹೃದಯವನ್ನು ಮಾತ್ರ ಸಾಮಾನ್ಯವಾಗಿ ಅಲ್ಲೇ ಬಿಡುತ್ತಿದ್ದರು, ಬುದ್ಧಿ ಇರೋದು ಅದರಲ್ಲೇ ಅಂತ ಅವರ ನಂಬಿಕೆ. ಆಮೇಲೆ ದೇಹವನ್ನು ಸುಮಾರು 40 ದಿನ ನೇಟ್ರಾನ್‌ನಲ್ಲಿ ಹೂತಿಡುತ್ತಿದ್ದರು. ಎಣ್ಣೆ, ರಾಳ ಹಚ್ಚಿ ಬಟ್ಟೆ ಸುತ್ತಿ ಮುಗಿಸೋಕೆ ಒಟ್ಟು 70 ದಿನ. ಉಪ್ಪಿನಕಾಯಿ ಥರ ನೀರಲ್ಲಿ ನೆನೆಸಿದ್ದಲ್ಲ, ಕರಾವಳಿಯ ಒಣಮೀನಿನ ಥರ. ನೀರಿನಂಶ ಹೋದರೆ ಕೊಳೆಸುವ ಸೂಕ್ಷ್ಮಜೀವಿ ಬೆಳೆಯೋದಿಲ್ಲ.

ಮಲೆನಾಡಿನ ಅಮ್ಮ:
ಸೇಬಿನಲ್ಲಿ ಮಾಡಿ, ನಾವು ಮಾಡಿದ್ದೇವೆ. ಒಂದೇ ಗಾತ್ರದ ಎರಡು ಹೋಳು, ಎರಡು ಲೋಟ. ಅರ್ಧ ಕಪ್ ಪುಡಿ ಉಪ್ಪು, ಅರ್ಧ ಕಪ್ ಅಡುಗೆ ಸೋಡಾ ಕಲಸಿ ಒಂದು ಹೋಳು ಪೂರ್ತಿ ಮುಚ್ಚುವಂತೆ ಸುರಿಯಿರಿ, ಇನ್ನೊಂದನ್ನು ಸುಮ್ನೆ ಹಾಗೇ ಬಿಡಿ. ಮೊದಲೇ ಎರಡನ್ನೂ ತೂಕ ಮಾಡಿ ಬರೆದಿಡಿ, ಇದನ್ನು ಮರೆಯಬೇಡಿ, ಮಗುವಿಗೆ ನಂಬಿಕೆ ಬರೋದೇ ಆ ಅಂಕಿಯಿಂದ. ಒಂದು ವಾರ ಬಿಟ್ಟು ಮತ್ತೆ ತೂಗಿ. ಲೋಟಕ್ಕೆ ಮುಚ್ಚಳ ಹಾಕಬೇಡಿ. ನಾನು ಜುಲೈ ಮಳೆಯಲ್ಲಿ ಮುಚ್ಚಿಟ್ಟು, ಉಪ್ಪೆಲ್ಲ ನೀರಾಗಿ ಮಗ ಅತ್ತೇಬಿಟ್ಟ. ಉಪ್ಪು ಒದ್ದೆಯಾಗಿ ಗಟ್ಟಿಯಾದರೆ ತೆಗೆದು ಹೊಸದು ಹಾಕಿ. ಹೋಳನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಹಳೇ ಮೇಷ್ಟ್ರು:
ಬಟ್ಟೆ ಸುತ್ತೋದಕ್ಕೆ ಹಳೇ ಪಂಚೆ ಹರಿದು ಪಟ್ಟಿ ಮಾಡಿಕೊಡಿ. ಈಜಿಪ್ಟಿನವರೂ ಎಷ್ಟೋ ಸಲ ಮನೆಯಲ್ಲಿ ಬಳಸಿ ಹಳೆಯದಾದ ನಾರುಬಟ್ಟೆಯನ್ನೇ ಹರಿದು ಸುತ್ತುತ್ತಿದ್ದರು.

ಪುಟ್ಟಿಯ ಅಪ್ಪ:
ಇವತ್ತೇ ಇಟ್ಟೆವು. ಹೋಳು 42 ಗ್ರಾಂ ಇದೆ, ಪುಟ್ಟಿಯೇ ಕ್ಯಾಲೆಂಡರ್‌ನಲ್ಲಿ ಬರೆದಿದ್ದಾಳೆ. ಮುಂದಿನ ಭಾನುವಾರ ತೂಕ ಹೇಳುತ್ತೇನೆ.