ಅಪ್ಪ ತೀರಿಕೊಂಡು ಮೂರು ವರ್ಷ ದಾಟಿದೆ, ಈಗ ಪ್ರೊಬೇಟ್‌ಗೆ ಹಾಕಬಹುದಾ?

ಪ್ರಶ್ನೆ:
ನಮಸ್ಕಾರ ಮೇಡಂ. ನಮ್ಮ ಅಪ್ಪ ಮುಂಬೈಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದರು, ರಿಟೈರ್ ಆದ ಮೇಲೆ ಮೈಸೂರಿಗೆ ಬಂದು ನೆಲೆಸಿದರು. 2014ರಲ್ಲಿ ಮುಂಬೈಯಲ್ಲೇ ವಿಲ್ ಬರೆದಿದ್ದರು. ರಿಜಿಸ್ಟರ್ ಮಾಡಿಸಿಲ್ಲ. ಮಾಟುಂಗಾದ ಫ್ಲಾಟ್ ನನಗೆ, ಮೈಸೂರಿನ ಮನೆ ಅಣ್ಣನಿಗೆ. ಚಿಕ್ಕಪ್ಪ ಎಕ್ಸಿಕ್ಯೂಟರ್, ಅಂದರೆ ವಿಲ್‌ನಲ್ಲಿ ಬರೆದದ್ದನ್ನು ಜಾರಿ ಮಾಡಲು ಅಪ್ಪ ಹೆಸರಿಸಿದವರು. ಅಪ್ಪ 2019ರಲ್ಲಿ ಹೋದರು. ಕಾರ್ಯ ಎಲ್ಲ ಮುಗಿದ ಮೇಲೆ ವಿಲ್ ತೆಗೆದು ಎಲ್ಲರ ಮುಂದೆ ಓದಿದ್ದೆವು, ಅಣ್ಣ ಆಗ ಒಂದು ಮಾತೂ ಆಡಲಿಲ್ಲ. ಅಮ್ಮ ಇರುವ ತನಕ ಆಸ್ತಿ ಮಾತು ಬೇಡ ಅಂತ ನಾನೂ ಸುಮ್ಮನಿದ್ದೆ. ಅಮ್ಮ ಕಳೆದ ವರ್ಷ ತೀರಿಕೊಂಡರು. ಈಗ ಫ್ಲಾಟ್ ನನ್ನ ಹೆಸರಿಗೆ ಮಾಡಿಕೊಡಿ ಅಂತ ಸೊಸೈಟಿಗೆ ಬರೆದರೆ ಅವರು ಪ್ರೊಬೇಟ್, ಅಂದರೆ ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ, ತನ್ನಿ ಅಂದರು. ಅಷ್ಟರಲ್ಲಿ ಅಣ್ಣ ವಕೀಲರ ಕೈಲಿ ನೋಟಿಸ್ ಕಳಿಸಿದ್ದಾನೆ, ಆ ವಿಲ್ ಅಪ್ಪನದ್ದೇ ಅಲ್ಲ, ಫ್ಲಾಟಲ್ಲಿ ಅರ್ಧ ನನಗೆ ಬರಬೇಕು ಅಂತ. ನಮ್ಮ ನೆಂಟರೊಬ್ಬರು ಕೋರ್ಟಿನ ವ್ಯವಹಾರ ಗೊತ್ತಿರುವವರು, ತೀರಿಕೊಂಡ ಮೂರು ವರ್ಷದೊಳಗೆ ಹಾಕದಿದ್ದರೆ ವಿಲ್ ರದ್ದಿ ಕಾಗದ ಅಂದುಬಿಟ್ಟರು. ಎರಡು ದಿನದಿಂದ ನಿದ್ದೆ ಇಲ್ಲ. ನಿಜವಾ ಮೇಡಂ?

ಉತ್ತರ (ವಕೀಲರು):
ನಿಜ ಅಲ್ಲ. ಮೊದಲು ಇವತ್ತು ರಾತ್ರಿ ನಿದ್ದೆ ಮಾಡಿ. ಆದರೆ ನಾಳೆಯಿಂದ ತಡ ಮಾಡಬೇಡಿ.

ನಿಮ್ಮ ನೆಂಟರು ಹೇಳಿದ ಮೂರು ವರ್ಷ ಅನ್ನುವುದು ಸುಳ್ಳಲ್ಲ, ಆದರೆ ಅದನ್ನು ಎಲ್ಲಿಂದ ಎಣಿಸಬೇಕು ಅನ್ನುವುದರಲ್ಲಿ ತಪ್ಪಿದ್ದಾರೆ. ಪ್ರೊಬೇಟ್‌ಗೆ ಇಷ್ಟೇ ದಿನ ಅಂತ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಬರೆದಿಲ್ಲ. ಅಲ್ಲಿರುವುದು ಉಲ್ಟಾ: ತೀರಿಕೊಂಡು ಏಳು ದಿನ ಆಗುವ ಮೊದಲು ಪ್ರೊಬೇಟ್ ಕೊಡಬಾರದು ಅಂತ. ಹಾಗಾಗಿ 1963ರ ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ 137ನೇ ಆರ್ಟಿಕಲ್‌ಗೆ ಹೋಗಬೇಕು. ಬೇರೆಲ್ಲೂ ಅವಧಿ ಹೇಳದ ಅರ್ಜಿಗಳಿಗೆ ಮೂರು ವರ್ಷ, ಅದೂ ಅರ್ಜಿ ಹಾಕುವ ಹಕ್ಕು ಹುಟ್ಟಿದ ದಿನದಿಂದ. ತೀರಿಕೊಂಡ ದಿನದಿಂದ ಅಂತ ಅಲ್ಲಿ ಎಲ್ಲೂ ಇಲ್ಲ.

2008ರಲ್ಲಿ ಸುಪ್ರೀಂ ಕೋರ್ಟ್ ಪ್ರೊಬೇಟ್‌ಗೂ 137 ಅನ್ವಯಿಸುತ್ತದೆ ಅಂತ ಹೇಳಿತು. ಅಲ್ಲಿಗೇ ಓದುವುದು ನಿಲ್ಲಿಸಿದವರು ನಿಮ್ಮ ನೆಂಟರ ಹಾಗೆ ಹೇಳುತ್ತಾರೆ. ಅದೇ ತೀರ್ಪಲ್ಲಿ ಕೋರ್ಟ್ 1983ರ ಬಾಂಬೆ ಹೈಕೋರ್ಟ್ ತೀರ್ಪಿನ ಉಳಿದ ಮಾತನ್ನು ಒಪ್ಪಿಕೊಂಡಿದೆ. ಪ್ರೊಬೇಟ್ ಕೇಳುವ ಹಕ್ಕು ಮುಂದುವರಿಯುವ ಹಕ್ಕು. ಅರ್ಜಿ ಹಾಕಬೇಕಾದ ಅಗತ್ಯ ಬಂದಾಗ ಅದು ಹುಟ್ಟುತ್ತದೆ, ಅದು ತೀರಿಕೊಂಡ ಮೂರು ವರ್ಷದೊಳಗೇ ಬರಬೇಕು ಅಂತೇನಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ವಿಲ್ ಒಪ್ಪಿಕೊಂಡು ಇದ್ದಿರಿ, ಕೋರ್ಟಿಗೆ ಹೋಗುವ ಅಗತ್ಯವೇ ಇರಲಿಲ್ಲ ಅಲ್ವಾ? ಅಣ್ಣನ ನೋಟಿಸ್ ಬಂದ ದಿನ ಅಗತ್ಯ ಬಂತು. ನಾನು ಆ ದಿನದಿಂದಲೇ ಎಣಿಸುತ್ತೇನೆ. ಆ ಕಡೆಯ ವಕೀಲರು 2019ರಿಂದ ಅಂತ ವಾದಿಸಿಯೇ ವಾದಿಸುತ್ತಾರೆ, ಅದಕ್ಕೆ ಹೆದರಬೇಡಿ.

ಇನ್ನೊಂದು ಮಾತು ಅದೇ ಬಾಂಬೆ ತೀರ್ಪಲ್ಲಿದೆ, ಅದನ್ನು ಮರೆಯಬೇಡಿ. ತಡ ಆದಷ್ಟೂ ಅನುಮಾನ ಜಾಸ್ತಿ. ತಡ ಆಯಿತು ಅಂತ ಬಾಗಿಲು ಮುಚ್ಚುವುದಿಲ್ಲ, ಆದರೆ ಯಾಕೆ ತಡ ಆಯಿತು ಅಂತ ನೀವು ಹೇಳಲೇಬೇಕು. ಬಾಂಬೆ ಹೈಕೋರ್ಟಿನ ನಿಯಮದಲ್ಲೇ ಇದೆ, ತೀರಿಕೊಂಡು ಮೂರು ವರ್ಷ ಕಳೆದ ಮೇಲೆ ಮೊದಲ ಸಲ ಅರ್ಜಿ ಬಂದರೆ ವಿಳಂಬದ ಕಾರಣವನ್ನು ಅರ್ಜಿಯಲ್ಲೇ ಬರೆಯಬೇಕು ಅಂತ. ಹಾಗಾಗಿ ನಿಮ್ಮ ಅರ್ಜಿಯಲ್ಲಿ ಇದಕ್ಕೇ ಒಂದು ಪ್ಯಾರಾ ಇರಬೇಕು. ವಿಲ್ ಯಾವತ್ತು ಓದಿದಿರಿ, ಯಾರ್ಯಾರಿದ್ದರು, ಅಮ್ಮ ಎಲ್ಲಿದ್ದರು, ನೋಟಿಸ್ ಯಾವತ್ತು ಕೈಗೆ ಬಂತು. ಸುಮ್ನೆ 'ಕಾರಣಾಂತರಗಳಿಂದ' ಅಂತ ಬರೆದರೆ ಅದು ಉತ್ತರ ಅಲ್ಲ.

ಮೂರು ವಿಷಯ ತಿಳಿಸಿ. ಚಿಕ್ಕಪ್ಪ ಇದ್ದಾರಾ? ಸಾಕ್ಷಿಗಳು ಯಾರು, ಇದ್ದಾರಾ? ಮೈಸೂರು ಮನೆ ಈಗ ಯಾರ ಹೆಸರಲ್ಲಿದೆ, ಹೇಗೆ ಆಯಿತು?

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಮೇಡಂ. ಚಿಕ್ಕಪ್ಪ ಇದ್ದಾರೆ, ಆದರೆ ಅಣ್ಣತಂಗಿ ಮಧ್ಯೆ ನನ್ನನ್ನು ಸಿಕ್ಕಿಸಬೇಡಿ ಅಂತಾರೆ. ಸಾಕ್ಷಿ ಇಬ್ಬರು. ಒಬ್ಬರು ಅಪ್ಪನ ಸಹೋದ್ಯೋಗಿ, ಕೋವಿಡ್‌ನಲ್ಲಿ ಹೋದರು. ಇನ್ನೊಬ್ಬರು ನಮ್ಮ ಫ್ಯಾಮಿಲಿ ಡಾಕ್ಟರು, ವಯಸ್ಸಾಗಿದೆ, ಮಾಟುಂಗಾದಲ್ಲೇ ಇದ್ದಾರೆ. ಮೈಸೂರು ಮನೆ ಖಾತೆ 2021ರಲ್ಲಿ ಅಣ್ಣ ತನ್ನ ಹೆಸರಿಗೆ ಮಾಡಿಸಿಕೊಂಡ. ವಿಲ್ ಜೆರಾಕ್ಸ್ ನನ್ನ ಹತ್ತಿರವೇ ತಗೊಂಡು ಹೋಗಿದ್ದ.

ಉತ್ತರ (ವಕೀಲರು):
ನಿಮ್ಮ ಕೊನೆಯ ಸಾಲು ನಿಮ್ಮ ಕೇಸಿನ ಜೀವ. ಯಾವ ವಿಲ್ ಅಪ್ಪನದ್ದಲ್ಲ ಅಂತ ಈಗ ಹೇಳುತ್ತಿದ್ದಾರೋ, ಅದೇ ವಿಲ್ ಕೊಟ್ಟು ಅವರು ಮನೆ ಖಾತೆ ಮಾಡಿಸಿಕೊಂಡಿದ್ದಾರೆ. ಮೈಸೂರಿನಲ್ಲಿ ಖಾತೆ ಆದ ಕಚೇರಿಗೆ ಹೋಗಿ ಆ ಫೈಲಿನ ದೃಢೀಕೃತ ನಕಲು ಕೇಳಿ. ಬರೀ ಖಾತೆ ಎಕ್ಸ್‌ಟ್ರಾಕ್ಟ್ ಸಾಲದು. ಅಣ್ಣ ಸಹಿ ಹಾಕಿದ ಅರ್ಜಿ, ಜೊತೆಗೆ ಕೊಟ್ಟ ಅಫಿಡವಿಟ್, ವಿಲ್ ಪ್ರತಿ, ಎಲ್ಲ ಬೇಕು. ಕೊಡದೆ ಓಡಾಡಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 2021ರಲ್ಲಿ ತಕರಾರು ಇರಲಿಲ್ಲ ಅನ್ನುವುದಕ್ಕೆ ಅಣ್ಣನ ಸಹಿಯೇ ಸಾಕ್ಷಿ ಆಗುತ್ತದೆ, ಅಂದರೆ ತಡ ಯಾಕೆ ಅನ್ನುವ ಪ್ರಶ್ನೆಗೂ ಅದೇ ಉತ್ತರ.

ಚಿಕ್ಕಪ್ಪನ ವಿಷಯ. ಪ್ರೊಬೇಟ್ ಎಕ್ಸಿಕ್ಯೂಟರ್‌ಗೆ ಮಾತ್ರ ಸಿಗುತ್ತದೆ, ನಿಮಗೆ ಸಿಗುವುದಿಲ್ಲ. ಅವರು ಒಪ್ಪದಿದ್ದರೆ ಒತ್ತಾಯ ಬೇಡ. ನನಗೆ ಬೇಡ ಅಂತ ಬರೆದುಕೊಡಲಿ, ಆಗ ನೀವು ವಿಲ್ ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್, ಅಂದರೆ ವಿಲ್ ಪ್ರಕಾರ ಆಸ್ತಿ ನಿರ್ವಹಿಸಲು ಕೋರ್ಟ್ ಕೊಡುವ ಅಧಿಕಾರ ಪತ್ರ, ಕೇಳಬಹುದು. ಹೆಸರು ಬೇರೆ, ವಿಲ್ ಸಾಬೀತು ಮಾಡುವ ಕೆಲಸ ಒಂದೇ, ಲಿಮಿಟೇಶನ್ ಲೆಕ್ಕವೂ ಒಂದೇ.

ನನಗೆ ನಿಜವಾಗಿ ಚಿಂತೆ ಇರುವುದು ಡಾಕ್ಟರ ಬಗ್ಗೆ. ವಿಲ್ ಕೇಸುಗಳು ಲಿಮಿಟೇಶನ್‌ನಿಂದ ಸೋಲುವುದಕ್ಕಿಂತ ಜಾಸ್ತಿ ಸಾಕ್ಷಿ ಇಲ್ಲದೆ ಸೋಲುವುದನ್ನೇ ನಾನು ನೋಡಿದ್ದು. ಇಬ್ಬರು ಸಾಕ್ಷಿಗಳ ಸಹಿ ವಿಲ್ ಮೇಲೆ ಇರಬೇಕು, ಬದುಕಿದ್ದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಇಬ್ಬರೂ ಇಲ್ಲದಿದ್ದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕಾಗುತ್ತದೆ. ಅದಕ್ಕೂ ದಾರಿ ಇದೆ, ಆದರೆ ಕಷ್ಟದ ದಾರಿ. ಸಾಕ್ಷಿ ಸಿಗುವ ಹಾಗಿದ್ದರೆ ಅರ್ಜಿಯ ಮೇಲೆ ಅವರ ದೃಢೀಕರಣವೂ ಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಈ ವಾರವೇ ಡಾಕ್ಟರನ್ನು ನೋಡಿ. ಅಪ್ಪ ತಮ್ಮ ಮುಂದೆ ಸಹಿ ಹಾಕಿದ್ದು, ತಾವು ಅಪ್ಪನ ಮುಂದೆ ಸಹಿ ಹಾಕಿದ್ದು, ಆಗ ಅಪ್ಪನ ಬುದ್ಧಿ ಚುರುಕಾಗಿದ್ದದ್ದು, ಇಷ್ಟು ಅಫಿಡವಿಟ್‌ನಲ್ಲಿ ಬರಲಿ. ಅವರಿಗೆ ಕೋರ್ಟಿಗೆ ಬರಲು ಆಗದಿದ್ದರೆ ಮನೆಯಲ್ಲೇ ಹೇಳಿಕೆ ತೆಗೆದುಕೊಳ್ಳಲು ಕಮಿಷನರ್ ನೇಮಿಸಿ ಅಂತ ಕೇಳಬಹುದು.

ಇನ್ನೊಬ್ಬ ಸದಸ್ಯರು:
ಮೇಡಂ, ಮುಂಬೈಯಲ್ಲೂ ಈಗ ಪ್ರೊಬೇಟ್ ಬೇಡ ಅಂತ ಓದಿದೆ. ಹಾಗಾದ್ರೆ ಇವರು ಯಾಕೆ ಹಾಕಬೇಕು?

ಉತ್ತರ (ವಕೀಲರು):
ಸರಿಯಾಗಿಯೇ ಓದಿದ್ದೀರಿ ಸರ್. ಹಳೇ ಬಂಗಾಳ ಪ್ರಾಂತ್ಯ, ಮುಂಬೈ ಮತ್ತು ಮದ್ರಾಸ್ ಹೈಕೋರ್ಟುಗಳ ಮೂಲ ವ್ಯಾಪ್ತಿ (ಆ ಹೈಕೋರ್ಟುಗಳೇ ನೇರವಾಗಿ ದಾವೆ ಕೇಳುವ ನಗರ ಪ್ರದೇಶ), ಇಲ್ಲಿ ಬರೆದ ಅಥವಾ ಇಲ್ಲಿನ ಸ್ಥಿರಾಸ್ತಿ ಬಗ್ಗೆ ಬರೆದ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಇತ್ತು. ಬ್ರಿಟಿಷರ ಕಾಲದ ಗಡಿ ಅದು. ಅದಕ್ಕೇ ಮೈಸೂರು, ಬೆಂಗಳೂರಲ್ಲಿ ಹಿಂದೂಗಳ ವಿಲ್‌ಗೆ ಅದು ಯಾವತ್ತೂ ಕಡ್ಡಾಯ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಕಡ್ಡಾಯ ಮಾಡಿದ್ದ ಉತ್ತರಾಧಿಕಾರ ಕಾಯ್ದೆಯ 213ನೇ ಸೆಕ್ಷನ್ನನ್ನೇ ತೆಗೆದುಹಾಕಿತು. ಒಳ್ಳೆಯ ಕೆಲಸ, ಬಹಳ ಹಿಂದೆಯೇ ಆಗಬೇಕಿತ್ತು. ಆದರೆ ಪ್ರೊಬೇಟ್ ಕಡ್ಡಾಯ ಅಲ್ಲ ಅಂದರೆ ವಿಲ್ ಸಾಬೀತು ಮಾಡುವುದು ಬೇಡ ಅಂತ ಅರ್ಥ ಅಲ್ಲ. ಮನೆಯಲ್ಲಿ ತಕರಾರಿಲ್ಲ ಅಂದರೆ ಈ ಬದಲಾವಣೆ ತೋರಿಸಿ ಸೊಸೈಟಿಯನ್ನು ಒಪ್ಪಿಸಲು ನೋಡಬಹುದಿತ್ತು. ಇಲ್ಲಿ ಅಣ್ಣ ವಿಲ್ಲೇ ಸುಳ್ಳು ಅಂತಿದ್ದಾರೆ, ಎಲ್ಲಾದರೂ ಒಂದು ಕೋರ್ಟಲ್ಲಿ ಇತ್ಯರ್ಥ ಆಗಲೇಬೇಕು. ಪ್ರೊಬೇಟ್ ಕೋರ್ಟ್ ಹೇಳಿದ್ದು ಎಲ್ಲರನ್ನೂ ಕಟ್ಟಿಹಾಕುತ್ತದೆ, ಅದಕ್ಕೇ ನಾನು ಈ ದಾರಿ ಹೇಳುವುದು. ಫ್ಲಾಟ್ ಅಲ್ಲೇ ಇರುವುದರಿಂದ ಬಾಂಬೆ ಹೈಕೋರ್ಟಿನಲ್ಲೇ ಹಾಕಲಿ, ಹೈಕೋರ್ಟ್ ಕೊಟ್ಟದ್ದು ಸಾಮಾನ್ಯವಾಗಿ ಬೇರೆ ರಾಜ್ಯದ ಆಸ್ತಿಗೂ ನಡೆಯುತ್ತದೆ. ಅಣ್ಣ ಕೇವಿಯಟ್ (ಪ್ರೊಬೇಟ್ ಕೊಡಬೇಡಿ ಅನ್ನುವ ತಕರಾರು) ಹಾಕಿದರೆ ಅದು ದಾವೆಯ ಹಾಗೆ ನಡೆಯುತ್ತದೆ, ಸಮಯ ಹಿಡಿಯುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮಂಡ್ಯದ ಸದಸ್ಯರು:
ಅಕ್ಕ, ನಮ್ಮದು ಜಮೀನು. ತಾತ ಸ್ವಂತ ದುಡ್ಡಲ್ಲಿ ತಗೊಂಡಿದ್ದು, ರಿಜಿಸ್ಟರ್ ವಿಲ್ ಇದೆ. ಪಹಣಿ ಇನ್ನೂ ತಾತನ ಹೆಸರಲ್ಲೇ. ಅತ್ತೆಯವರು ತಕರಾರು ಹಾಕಿದ್ದಾರೆ, ತಹಶೀಲ್ದಾರ್ ಕೋರ್ಟಿಗೆ ಹೋಗಿ ಅಂತಾರೆ. ನಮಗೂ ಮೂರು ವರ್ಷ ಲೆಕ್ಕ ಇದೆಯಾ?

ಉತ್ತರ (ವಕೀಲರು):
ನಿಮಗೆ ಪ್ರೊಬೇಟ್ ಬೇಕಿಲ್ಲ. ತಹಶೀಲ್ದಾರ್ ಹೇಳಿದ್ದೂ ಸರಿ, ವಿಲ್ ಅಸಲಿಯೋ ಅಲ್ಲವೋ ಅಂತ ಕಂದಾಯ ಅಧಿಕಾರಿ ತೀರ್ಮಾನಿಸುವ ಹಾಗಿಲ್ಲ. ಹಕ್ಕು ಬಂದ ಮೂರು ತಿಂಗಳಲ್ಲಿ ತಿಳಿಸಬೇಕು ಅಂತ ಭೂಕಂದಾಯ ಕಾಯ್ದೆಯ 128ನೇ ಸೆಕ್ಷನ್ ಹೇಳುತ್ತದೆ, ಅದು ದಾಟಿತು ಅಂತ ಜಮೀನಿನ ಹಕ್ಕು ಹೋಗುವುದಿಲ್ಲ. ಆದರೆ ಹಕ್ಕು ಘೋಷಣೆಯ ದಾವೆಗೆ ಮೂರು ವರ್ಷ ಇದೆ, ಹಕ್ಕಿಗೆ ಮೊದಲು ಧಕ್ಕೆ ಬಂದಾಗಿನಿಂದ. ಅತ್ತೆಯ ತಕರಾರು ಅರ್ಜಿಯ ತಾರೀಖು ನೋಡಿಕೊಳ್ಳಿ, ಅಲ್ಲಿಂದ ಎಣಿಸಿ. ರಿಜಿಸ್ಟರ್ ಆಗಿದೆ ಅಂತ ನಿಶ್ಚಿಂತೆ ಬೇಡ, ರಿಜಿಸ್ಟರ್ ವಿಲ್‌ಗೂ ಸಾಕ್ಷಿ ಬೇಕು.

ಪ್ರಶ್ನೆ ಕೇಳಿದವರು:
ಮೇಡಂ, ನಾವೂ ಈಗ ವಿಲ್ ರಿಜಿಸ್ಟರ್ ಮಾಡಿಸಿದರೆ ಬಲ ಬರುತ್ತಾ? ಮತ್ತೆ, ಅಣ್ಣ ಮುಂದೆ ಯಾವತ್ತಾದರೂ ಬಂದು ಪ್ರೊಬೇಟ್ ರದ್ದು ಮಾಡಿ ಅಂತ ಕೇಳಬಹುದಾ?

ಉತ್ತರ (ವಕೀಲರು):
ವಿಲ್ ರಿಜಿಸ್ಟ್ರಿಗೆ ಕಾಲಮಿತಿ ಇಲ್ಲ, ಬರೆದವರು ಹೋದ ಮೇಲೂ ಮಾಡಿಸಬಹುದು. ಆದರೆ ಅಲ್ಲೂ ಸಬ್‌ರಿಜಿಸ್ಟ್ರಾರ್ ವಿಚಾರಣೆ ಮಾಡಬೇಕು, ಅಣ್ಣ ಅಲ್ಲೂ ಬರುತ್ತಾರೆ. ಆ ಸಮಯವನ್ನು ಡಾಕ್ಟರ ಅಫಿಡವಿಟ್‌ಗೆ ಕೊಡಿ.

ರದ್ದು ಮಾಡಿಸುವುದಕ್ಕೂ ಅದೇ 137, ಅದೇ ಮೂರು ವರ್ಷ. 2017ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದಿಂದ ಹೋದ ಒಂದು ಕೇಸಿನಲ್ಲಿ ಇದನ್ನೇ ಹೇಳಿತು. ಪ್ರೊಬೇಟ್ ಕೊಟ್ಟಾಗ ಮೈನರ್ ಆಗಿದ್ದವರು ಮೇಜರ್ ಆಗಿ ದಶಕಗಳು ಕಳೆದ ಮೇಲೆ ರದ್ದತಿ ಕೇಳಿದ್ದರು, ಅವಧಿ ಮುಗಿದಿದೆ ಅಂತ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಅಣ್ಣನಿಗೆ ನೋಟಿಸ್ ಸರಿಯಾಗಿ ಜಾರಿ ಆಗಲಿ, ವಿಳಾಸ ತಪ್ಪು ಕೊಡುವುದು, ಯಾರ ಹೆಸರನ್ನಾದರೂ ಬಿಡುವುದು ಮಾಡಬೇಡಿ. ನೋಟಿಸೇ ಬರಲಿಲ್ಲ ಅನ್ನುವುದು ರದ್ದತಿಗೆ ಒಳ್ಳೆಯ ಕಾರಣ ಆಗಿಬಿಡುತ್ತದೆ.

ಕೊನೆಗೆ, ಅಸಲು ವಿಲ್. ಲ್ಯಾಮಿನೇಷನ್ ಮಾಡಿಸಬೇಡಿ. ಸ್ಟೇಪಲ್ ಪಿನ್ ತೆಗೆಯಬೇಡಿ, ಹೊಸ ತೂತು ಹಾಕಬೇಡಿ. ಹಾಳೆ ಬದಲಾಯಿಸಿದ್ದಾರೆ ಅಂತ ಮೊದಲ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ. ಅಣ್ಣನ ನೋಟಿಸ್ ಬಂದ ಕವರು ಬಿಸಾಡಿಲ್ಲ ತಾನೆ?

ಪ್ರಶ್ನೆ ಕೇಳಿದವರು:
ಇಲ್ಲ ಮೇಡಂ, ಅಂಚೆ ಮುದ್ರೆ ಸಮೇತ ಇದೆ. ನಾಳೆ ಡಾಕ್ಟರಿಗೆ ಫೋನ್ ಮಾಡಿ ಮುಂಬೈಗೆ ಟಿಕೆಟ್ ಮಾಡಿಸುತ್ತೇನೆ.