ಗೋಲ್‌ಮಾಲ್‌ನ ಮೀಸೆ ಯಜಮಾನ ಜೈಲಿಗೆ ಹೋಗಿದ್ದು ಯಾಕೆ?

ಕಲ್ಯಾಣಪುರದ ಹುಡುಗ:
ಮೊನ್ನೆ ಉಡುಪಿಯಲ್ಲಿ ನಮ್ಮ ನಾಟಕದ ರಿಹರ್ಸಲ್ ಮುಗಿಸಿ ಚಾ ಕುಡಿಯುವಾಗ ಗೋಲ್‌ಮಾಲ್ (1979) ಸಿನಿಮಾದ ಮಾತು ಬಂತು. ಮೀಸೆ ಇಲ್ಲದವನನ್ನು ನಂಬಲೇಬಾರದು ಅನ್ನುವ ಭವಾನಿ ಶಂಕರ್ ಇದ್ದಾರಲ್ವಾ, ಉತ್ಪಲ್ ದತ್, ಅವರು ಸುಮ್ನೆ ಹಿಂದಿ ಕಾಮಿಡಿ ನಟ ಅಂತ ನಾನು ತಿಳಿದುಕೊಂಡಿದ್ದೆ. ತಂಡದ ಹಿರಿಯರೊಬ್ಬರು "ನಾಟಕ ಮಾಡಿ ಜೈಲಿಗೆ ಹೋದ ಜನ ಮಾರಾಯ ಅದು" ಅಂದರು. ಅಷ್ಟರಲ್ಲಿ ಅವರ ಬಸ್ ಬಂತು. ಯಾವ ನಾಟಕ? ಜೈಲು ಯಾಕೆ? ಅಷ್ಟು ದೊಡ್ಡ ರಂಗಕರ್ಮಿ ಇಂಥ ಪಾತ್ರಕ್ಕೆ ಯಾಕೆ ಒಪ್ಪಿದರು? ಗೊತ್ತಿದ್ದವರು ಹೇಳಿ.

ನಿವೃತ್ತ ಕ್ಯಾಷಿಯರ್, ಕದ್ರಿ:
ಬ್ಯಾಂಕಿನವರು ನನ್ನನ್ನು ಕಲ್ಕತ್ತಕ್ಕೆ ವರ್ಗ ಮಾಡಿದ್ದರು, ನಾಲ್ಕು ವರ್ಷ ಅಲ್ಲಿದ್ದೆ. ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಮೀನು, ಫುಟ್‌ಬಾಲ್, ನಾಟಕ, ಇಷ್ಟೇ ಮಾತು.

ದತ್ ಹುಟ್ಟಿದ್ದು 1929ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲ್‌ನಲ್ಲಿ. ಶುರು ಮಾಡಿದ್ದು ಇಂಗ್ಲಿಷ್ ಷೇಕ್ಸ್‌ಪಿಯರ್‌ನಿಂದ. ಶಶಿ ಕಪೂರ್ ಮಾವ ಜೆಫ್ರಿ ಕೆಂಡಲ್ ಅವರ ಕಂಪನಿಯ ಜೊತೆ ಊರೂರು ತಿರುಗಿದವರು. 1949ರಲ್ಲಿ ಸ್ವಂತ ಲಿಟಲ್ ಥಿಯೇಟರ್ ಗ್ರೂಪ್ ಕಟ್ಟಿದರು. ಇಂಗ್ಲಿಷ್ ನಾಟಕಕ್ಕೆ ಎಷ್ಟು ಜನ ಬರ್ತಾರೆ ಹೇಳಿ? ಬಂಗಾಳಿಗೆ ಬಂದರು, ಮಿನರ್ವಾ ಥಿಯೇಟರ್ ಹಿಡಿದರು.

ಅಲ್ಲಿ 1959ರಲ್ಲಿ ಮಾಡಿದ ಅಂಗಾರ್ ಬಗ್ಗೆ ನಮ್ಮ ಹೆಡ್ ಕ್ಲರ್ಕ್ ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುತ್ತಿರಲಿಲ್ಲ. ಕಲ್ಲಿದ್ದಲು ಗಣಿ. ಒಳಗೆ ಕೂಲಿಗಳು ಸಿಕ್ಕಿಹಾಕಿಕೊಂಡಿದ್ದಾರೆ, ನೀರು ನುಗ್ಗುತ್ತದೆ. ಸ್ಟೇಜ್ ಮೇಲೆ ಹನಿ ನೀರಿಲ್ಲ, ಎಲ್ಲ ತಾಪಸ್ ಸೇನ್ ಅವರ ಲೈಟು. ಆ ಬೆಳಕು ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕುತ್ತಿಗೆಗೆ ಏರುವಾಗ ನಮಗೇ ಉಸಿರು ಕಟ್ಟುತ್ತಿತ್ತು ಅನ್ನುತ್ತಿದ್ದರು. ಹೇಳುವಾಗ ಕೈಯನ್ನು ನಿಧಾನ ಗಂಟಲ ತನಕ ಎತ್ತಿ ತೋರಿಸುತ್ತಿದ್ದರು, ಊಟ ಆರುತ್ತಿತ್ತು.

ಜೈಲಿನ ಕಥೆ ಕಲ್ಲೋಲ್‌ದು, 1965. 1946ರಲ್ಲಿ ನೌಕಾಪಡೆಯ ಭಾರತೀಯ ನಾವಿಕರು ಬ್ರಿಟಿಷರ ವಿರುದ್ಧ ಎದ್ದ ದಂಗೆಯ ಮೇಲಿನ ನಾಟಕ. ದಂಗೆ ಎದ್ದ ನಾವಿಕರಿಗೆ ಆಗ ಕಾಂಗ್ರೆಸ್ ನಾಯಕರು ಬೆಂಬಲ ಕೊಡಲಿಲ್ಲ ಅಂತ ನೇರ ಹೇಳಿದರು, ಬಂಗಾಳದಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ದೊಡ್ಡ ಪತ್ರಿಕೆಗಳು ಜಾಹೀರಾತು ಹಾಕಲಿಲ್ಲ. ಆಗ ಊರೆಲ್ಲ 'ಕಲ್ಲೋಲ್ ಚೋಲ್ಛೆ, ಚೋಲ್ಬೆ' ಅಂತ ಪೋಸ್ಟರ್ ಬಿತ್ತು. ನಡೀತಾ ಉಂಟು, ನಡೆಯುತ್ತದೆ ಅಂತ. ಅದೇ ವರ್ಷ ಅವರನ್ನು ಹಿಡಿದು ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಒಳಗಿಟ್ಟರು. ನಾಟಕ ಹೌಸ್‌ಫುಲ್!

ಸಿನಿಮಾ ಯಾಕೆ ಅಂದರೆ ದುಡ್ಡಿಗೆ. ನಾಟಕ ತಂಡ ಸಾಕಬೇಕಲ್ವಾ.

ಚೌಕಿಮನೆ:
ಕ್ಯಾಷಿಯರ್ ಸರ್ ಜಾತ್ರಾ ಬಗ್ಗೆ ಹೇಳಲೇ ಇಲ್ಲ. ನಮ್ಮ ಕೋಲ, ರಥದ ಜಾತ್ರೆ ಅಲ್ಲ, ಬಂಗಾಳದ ಬಯಲಾಟ ಅಂದುಕೊಳ್ಳಿ. ಸುತ್ತ ಜನ, ನಡುವೆ ಆಟ, ದೊಡ್ಡ ಗಂಟಲು. ಜಾತ್ರಾ ಕಂಪನಿಗಳ ಆಫೀಸೆಲ್ಲ ಕಲ್ಕತ್ತದ ಚಿತ್ಪುರ್ ರೋಡಿನಲ್ಲಿ, ರಥಯಾತ್ರೆಯ ದಿನ ಹೊಸ ಬುಕಿಂಗ್ ಶುರು. ನಮ್ಮ ಯಕ್ಷಗಾನ ಮೇಳಗಳಿಗೆ ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಲೆಕ್ಕ ಇದ್ದ ಹಾಗೆ. ದತ್ 1960ರ ದಶಕದ ಕೊನೆಗೆ ಅಲ್ಲಿಗೆ ಹೋಗಿ ಜಾತ್ರಾಕ್ಕೇ ಬರೆದರು, ಜಲಿಯನ್‌ವಾಲಾ ಬಾಗ್‌ನಂಥ ವಿಷಯ ತಂದರು. ಷೇಕ್ಸ್‌ಪಿಯರ್ ಕಲಿತವರು ಗದ್ದೆಯಲ್ಲಿ ಕೂತ ಜನಕ್ಕೆ ಬರೆಯುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಶಿವರಾಮ ಕಾರಂತರು ಯಕ್ಷಗಾನ ಮುಟ್ಟಿದಾಗ ಎಷ್ಟು ಜಗಳ ಆಯಿತು ಅಂತ ಉಡುಪಿಯವರಿಗೆ ಹೇಳಬೇಕಾ?

ಹಂಪನಕಟ್ಟೆ ಪ್ರೇಕ್ಷಕ:
ಎಲ್ಲ ಸರಿ, ಆದರೆ ನಾಟಕದಲ್ಲಿ ಎಲ್ಲದಕ್ಕೂ ಎಡಪಕ್ಷದ ಬಾವುಟ ಕಟ್ಟುವುದು ನನಗೆ ಆಗಿಬರುವುದಿಲ್ಲ. ನಾನು ನೋಡಿದ್ದು ಸಿನಿಮಾದಲ್ಲಿ ಮಾತ್ರ, ಅಲ್ಲಿ ಆ ಭಾರ ಇಲ್ಲ. ಭುವನ್ ಶೋಮ್ (1969) ನೋಡಿ, ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಆಗಂತುಕ್ (1991) ನೋಡಿ, ಸತ್ಯಜಿತ್ ರೇ ಅವರ ಕೊನೆಯ ಸಿನಿಮಾ. ಅದಾಗಿ ಎರಡೇ ವರ್ಷಕ್ಕೆ ದತ್ ತೀರಿಕೊಂಡರು.

ನಿವೃತ್ತ ಕ್ಯಾಷಿಯರ್, ಕದ್ರಿ:
ಬಾವುಟ ಇತ್ತು, ಇಲ್ಲ ಅನ್ನುವುದಿಲ್ಲ. ಅವರೂ ಮುಚ್ಚಿಡಲಿಲ್ಲ. ಆದರೆ ಭಾಷಣ ಕೇಳಲಿಕ್ಕೆ ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ ಮಾರಾಯ್ರೆ.

ಕಲ್ಯಾಣಪುರದ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಲೈಟಿನ ಹುಡುಗನಿಗೆ ಆ ಗಣಿಯ ನೀರಿನ ಕಥೆ ಓದಿ ಹೇಳಿದೆ. ನಮ್ಮ ಹತ್ತಿರ ಇರುವುದು ಎರಡು ಹ್ಯಾಲೋಜನ್, ಒಂದು ಹರಿದ ನೀಲಿ ಜಿಲೆಟಿನ್ ಪೇಪರ್. "ಶನಿವಾರ ಹಾಲ್ ಬೇಗ ತೆರೆಸಿ, ನೋಡುವ" ಅಂದಿದ್ದಾನೆ.